ಕನ್ನಡದಲ್ಲಿ ಹುಡುಕುವಾಗ ಯಾವುದಕ್ಕೆ ಯಾವುದು? ಗೂಗಲ್, ಬಿಂಗ್, ಎಐ ಉತ್ತರಗಳು ಮತ್ತು ಕನ್ನಡದ್ದೇ ಕೋಶಗಳು

ಗೂಗಲ್‌ನಲ್ಲಿ ಸಿಗಲಿಲ್ಲ ಎಂದ ಮಾತ್ರಕ್ಕೆ ಇಂಟರ್‌ನೆಟ್‌ನಲ್ಲೇ ಇಲ್ಲ ಎಂದಲ್ಲ. ಇಂಗ್ಲಿಷಿನಲ್ಲಿ ಹುಡುಕುವವರಿಗೆ ಈ ವ್ಯತ್ಯಾಸ ಅಪರೂಪಕ್ಕೆ ಕಾಡುತ್ತದೆ, ಕನ್ನಡದಲ್ಲಿ ಹುಡುಕುವವರಿಗೆ ದಿನವೂ. 2011ರ ಜನಗಣತಿಯ ಪ್ರಕಾರ ಕನ್ನಡ ಸುಮಾರು 4.37 ಕೋಟಿ ಜನರ ಮಾತೃಭಾಷೆ. ಆದರೆ ವೆಬ್ಬನ್ನು ಜಾಲಾಡಿ ಪ್ರತಿ ತೆಗೆದಿಡುವ ಕಾಮನ್ ಕ್ರಾಲ್ ಸಂಗ್ರಹದಲ್ಲಿ ಇಂಗ್ಲಿಷ್ ಪುಟಗಳು ಶೇ 40ಕ್ಕೂ ಹೆಚ್ಚಿದ್ದರೆ ಕನ್ನಡದ ಪಾಲು ಶೇ 0.1ನ್ನೂ ಮುಟ್ಟುವುದಿಲ್ಲ. ಇರುವ ಕನ್ನಡದಲ್ಲೂ ಎಷ್ಟೋ ಭಾಗ ಹಳೆಯ ಫಾಂಟುಗಳಲ್ಲಿ, ಸ್ಕ್ಯಾನ್ ಮಾಡಿದ ಪುಟಗಳಲ್ಲಿ, ಸರ್ಕಾರಿ ಫಾರಂಗಳ ಹಿಂದೆ, ಫೇಸ್‌ಬುಕ್ ಗುಂಪುಗಳ ಒಳಗೆ ಕೂತಿದೆ. ಅಲ್ಲಿರುವುದನ್ನು ಸರ್ಚ್ ಎಂಜಿನ್‌ಗಳು ಬಹುಮಟ್ಟಿಗೆ ಓದಲಾರವು.

ಹಾಗಾಗಿ ಯಾವ ಎಂಜಿನ್ ಒಳ್ಳೆಯದು ಎಂದು ಕೇಳುವ ಮೊದಲು, ಬೇಕಾದ ಮಾಹಿತಿ ಯಾವ ರೂಪದಲ್ಲಿ, ಎಲ್ಲಿ ಇರಬಹುದು ಎಂದು ಕೇಳಿಕೊಳ್ಳಬೇಕು. ಆ ಉತ್ತರದ ಮೇಲೆ ಸಾಧನ ಬದಲಾಗುತ್ತದೆ.

ಹೆಸರು ಹತ್ತು, ಇಂಡೆಕ್ಸ್ ನಾಲ್ಕೈದು

ಸರ್ಚ್ ಎಂಜಿನ್ ನಾವು ಕೇಳಿದ ಕ್ಷಣದಲ್ಲಿ ವೆಬ್ ಪೂರ್ತಿ ಹುಡುಕುವುದಿಲ್ಲ. ಅದರ ಕ್ರಾಲರ್, ಅಂದರೆ ಪುಟದಿಂದ ಪುಟಕ್ಕೆ ಹೋಗುವ ತಂತ್ರಾಂಶ, ಮೊದಲೇ ಓದಿ ಸೇರಿಸಿಟ್ಟ ಪುಟಗಳ ಇಂಡೆಕ್ಸಿನಲ್ಲಿ ಮಾತ್ರ ಹುಡುಕುತ್ತದೆ. ಸ್ವಂತ ದೊಡ್ಡ ಇಂಡೆಕ್ಸ್ ಇರುವವರು ಕೈಬೆರಳೆಣಿಕೆಯಷ್ಟು ಮಂದಿ: ಗೂಗಲ್, ಮೈಕ್ರೋಸಾಫ್ಟ್‌ನ ಬಿಂಗ್, ರಷ್ಯಾದ ಯಾಂಡೆಕ್ಸ್, 2021ರಲ್ಲಿ ಶುರುವಾದ ಬ್ರೇವ್, ಗಾತ್ರದಲ್ಲಿ ಚಿಕ್ಕದಾದ ಬ್ರಿಟನ್ನಿನ ಮೊಜೀಕ್. ಡಕ್‌ಡಕ್‌ಗೋ ಮತ್ತು ಯಾಹೂ ತೋರಿಸುವ ಲಿಂಕುಗಳು ಬಹುಪಾಲು ಬಿಂಗ್‌ನಿಂದಲೇ ಬರುತ್ತವೆ. ಬಿಂಗ್‌ನಲ್ಲಿ ಸಿಗದ್ದನ್ನು ಡಕ್‌ಡಕ್‌ಗೋದಲ್ಲಿ ಮತ್ತೆ ಹುಡುಕುವುದು ವ್ಯರ್ಥ ಶ್ರಮ. ಗೂಗಲ್ ಕೈಕೊಟ್ಟರೆ ಬಿಂಗ್ ಒಮ್ಮೆ, ಬ್ರೇವ್ ಒಮ್ಮೆ ನೋಡಿ, ಅಷ್ಟು ಸಾಕು.

ಕನ್ನಡದ ಸಣ್ಣ ಬ್ಲಾಗುಗಳು, ಜಿಲ್ಲಾ ಮಟ್ಟದ ಸುದ್ದಿತಾಣಗಳ ಮಟ್ಟಿಗೆ ಗೂಗಲ್ ಇಂದಿಗೂ ಮುಂದಿದೆ. ಡಕ್‌ಡಕ್‌ಗೋದ ಲಾಭ ಬೇರೆ: ಅದು ನಮ್ಮ ಹುಡುಕಾಟದ ಚರಿತ್ರೆ ಇಟ್ಟುಕೊಳ್ಳುವುದಿಲ್ಲ. ಕಾಯಿಲೆ, ಸಾಲ, ಕೋರ್ಟಿನ ವಿಷಯ ಹುಡುಕುವಾಗ ಅದನ್ನು ಬಳಸುವುದಕ್ಕೆ ಅರ್ಥವಿದೆ. ತಿಂಗಳಿಗೆ 10 ಡಾಲರ್ ಕೊಟ್ಟು ಜಾಹೀರಾತಿಲ್ಲದೆ ಹುಡುಕುವ ಕಾಗಿ ಎಂಬ ಸೇವೆಯೂ ಇದೆ. ಇಂಗ್ಲಿಷಿನಲ್ಲೇ ಸಂಶೋಧನೆ ಮಾಡುವವರಿಗೆ ಅದು ಸರಿಹೋದೀತು, ಕನ್ನಡಕ್ಕಾಗಿ ಆ ಹಣ ಕೊಡುವ ಅಗತ್ಯವಿಲ್ಲ.

ಒಪ್ಪಂದಗಳೂ ಇಂಡೆಕ್ಸನ್ನು ಬೇರೆ ಮಾಡುತ್ತವೆ. 2024ರ ಫೆಬ್ರುವರಿಯಲ್ಲಿ ರೆಡಿಟ್ ಎಂಬ ಚರ್ಚಾತಾಣ ತನ್ನ ಬಳಕೆದಾರರ ಬರಹಗಳನ್ನು ಕೊಡಲು ಗೂಗಲ್ ಜೊತೆ ಒಪ್ಪಂದ ಮಾಡಿಕೊಂಡಿತು. ಅದೇ ವರ್ಷದ ಮಧ್ಯದಲ್ಲಿ ಹಣ ಕೊಡದ ಇತರ ಕ್ರಾಲರ್‌ಗಳಿಗೆ ಬಾಗಿಲು ಹಾಕಿತು. ಬೆಂಗಳೂರಿನ ಬಾಡಿಗೆ, ಆಟೊ, ನೀರಿನ ಬಗ್ಗೆ ಜನ ರೆಡಿಟ್‌ನಲ್ಲಿ ಬರೆದುಕೊಂಡಿರುವುದು ಬೇಕಿದ್ದರೆ ಗೂಗಲ್ಲೇ ಗತಿ.

ಗೂಗಲ್‌ನ ಮೂರು ಸೌಲಭ್ಯಗಳನ್ನು ಗೊತ್ತುಮಾಡಿಕೊಂಡರೆ ಅರ್ಧ ಕೆಲಸ ಸಲೀಸು. ಒಂದು, ಫಲಿತಾಂಶದ ಮೇಲಿನ ಸಾಲಿನಲ್ಲಿ ಅಥವಾ ಇನ್ನಷ್ಟು ಎಂಬುದರ ಒಳಗೆ ಇರುವ ವೆಬ್ ಎಂಬ ಆಯ್ಕೆ. 2024ರ ಮೇನಲ್ಲಿ ಬಂದ ಇದನ್ನು ಒತ್ತಿದರೆ ಎಐ ಸಾರಾಂಶ, ವಿಡಿಯೊ ಪಟ್ಟಿಗಳೆಲ್ಲ ಹೋಗಿ ಬರೀ ಲಿಂಕುಗಳು ಉಳಿಯುತ್ತವೆ. ಎರಡು, ಕಂಪ್ಯೂಟರಿನಲ್ಲಿ ಟೂಲ್ಸ್ ಒಳಗೆ ಸಿಗುವ ವರ್ಬೇಟಿಮ್. ನಾವು ಬರೆದ ಪದವನ್ನು ತಿದ್ದದೆ, ಸಮಾನಾರ್ಥಕ ಸೇರಿಸದೆ ಹುಡುಕಲು ಇದು ಬೇಕು. ಊರಿನ ಹೆಸರು, ಮನೆತನದ ಹೆಸರು ಹುಡುಕುವಾಗ ಗೂಗಲ್ ತನಗೆ ಗೊತ್ತಿರುವ ಇನ್ನೊಂದು ಹೆಸರಿಗೆ ಎಳೆದುಕೊಂಡು ಹೋಗುವುದನ್ನು ತಡೆಯುತ್ತದೆ. ಮೂರು, ಇಂಗ್ಲಿಷಿನಲ್ಲಿ ಸೈಟ್ ಎಂದು ಬರೆದು ಕೋಲನ್ ಹಾಕಿ, ಜಾಗ ಬಿಡದೆ ತಾಣದ ವಿಳಾಸ ಬರೆಯುವುದು. ಆ ತಾಣದ ಸ್ವಂತ ಸರ್ಚ್ ಪೆಟ್ಟಿಗೆಗಿಂತ ಇದು ಸಾಮಾನ್ಯವಾಗಿ ಚೆನ್ನಾಗಿ ಕೆಲಸ ಮಾಡುತ್ತದೆ.

ಕನ್ನಡ ಪದ ಎಲ್ಲಿ ಎಡವುತ್ತದೆ

ಸಾಧನ ಬದಲಿಸುವ ಮೊದಲು ಪದ ಬದಲಿಸಿ ನೋಡಬೇಕು. ಕನ್ನಡದ ಪದಕ್ಕೆ ಪ್ರತ್ಯಯ ಅಂಟುತ್ತದೆ, ಸಂಧಿಯಾಗುತ್ತದೆ: ಕೆರೆ, ಕೆರೆಯ, ಕೆರೆಗೆ, ಕೆರೆಗಳಲ್ಲಿ, ಕೆರೆಯಂಗಳ, ಕೆರೆಯೇರಿ. ಓದುಗರಿಗೆ ಇವೆಲ್ಲ ಒಂದೇ ಕೆರೆ. ಎಂಜಿನ್‌ಗೆ ಇವು ಆರು ಬೇರೆ ಪದಗಳಾಗುವ ಸಂಭವ ಹೆಚ್ಚು. ಉದ್ಧರಣ ಚಿಹ್ನೆಯೊಳಗೆ ಹಾಕಿದರಂತೂ ಬರೆದದ್ದಷ್ಟೇ ಸಿಗುತ್ತದೆ. ಮೊದಲು ಮೂಲ ಪದ, ಆಮೇಲೆ ಷಷ್ಠಿ ರೂಪ, ಆಮೇಲೆ ಬಹುವಚನ ಹಾಕಿ ನೋಡಿ. ಕ್ರಿಯಾಪದ ಇರುವ ಉದ್ದ ವಾಕ್ಯವನ್ನು ಹುಡುಕಬೇಡಿ. ‘ಬಂದಿದ್ದಾರೆಂದು’ ಎಂಬುದನ್ನು ಇನ್ನೊಬ್ಬರು ‘ಬಂದಿದ್ದಾರೆ ಎಂದು’ ಎಂದು ಬಿಡಿಸಿ ಬರೆದಿರುತ್ತಾರೆ.

ಕಣ್ಣಿಗೆ ಕಾಣದ ತೊಂದರೆ ಇನ್ನೊಂದಿದೆ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಟ್ ಮತ್ತು ವೇ ನಡುವೆ ಒತ್ತಕ್ಷರ ಆಗದಂತೆ ತಡೆಯುವ, ಅಗಲವೇ ಇಲ್ಲದ ಒಂದು ಯೂನಿಕೋಡ್ (ಎಲ್ಲ ಲಿಪಿಗಳಿಗೂ ಒಂದೇ ಆದ ಅಕ್ಷರಸಂಕೇತ ಪದ್ಧತಿ) ಅಕ್ಷರ ಇರುತ್ತದೆ. ಅದಿಲ್ಲದೆ ಬರೆದರೆ ‘ಸಾಫ್ಟ್ವೇರ್’ ಆಗುತ್ತದೆ. ಅನೇಕರು ಕೀಲಿಮಣೆಯಲ್ಲಿ ಆ ಅಕ್ಷರ ಸಿಗದೆ ಹಾಗೇ ಬಿಡುತ್ತಾರೆ. ದೊಡ್ಡ ಎಂಜಿನ್‌ಗಳು ಇದನ್ನು ಎಷ್ಟೋ ಸಲ ಸಂಭಾಳಿಸುತ್ತವೆ, ಸಣ್ಣ ತಾಣಗಳ ಒಳಗಿನ ಸರ್ಚ್ ಬಹುಮಟ್ಟಿಗೆ ಸಂಭಾಳಿಸುವುದಿಲ್ಲ. ಇಂಟರ್‌ನೆಟ್, ರಾಜ್‌ಕುಮಾರ್, ಫೇಸ್‌ಬುಕ್ ಇಂಥ ಪದಗಳಿಗೆ ಎರಡೂ ರೂಪದಲ್ಲಿ ಹುಡುಕಿ. ಬ್ಯಾಂಕ್–ಬ್ಯಾಂಕು, ಕಾಲೇಜ್–ಕಾಲೇಜು, ಶೇಕ್ಸ್‌ಪಿಯರ್–ಷೇಕ್ಸ್‌ಪಿಯರ್ ಜೋಡಿಗಳೂ ಹಾಗೇ. ಇಸವಿಯನ್ನು ಕೆಲವರು 1956 ಎಂದೂ ಕೆಲವರು ೧೯೫೬ ಎಂದೂ ಬರೆದಿರುತ್ತಾರೆ.

ಎಲ್ಲಕ್ಕಿಂತ ದೊಡ್ಡ ನಷ್ಟ ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳದ್ದು. ಯೂನಿಕೋಡ್ ರೂಢಿಗೆ ಬರುವ ಮೊದಲು ಟೈಪಿಸಿದ ಕಡತಗಳಲ್ಲಿ ನಿಜಕ್ಕೂ ಇರುವುದು ರೋಮನ್ ಅಕ್ಷರಗಳ ಸಂಕೇತ; ಫಾಂಟು ಅವುಗಳ ಜಾಗದಲ್ಲಿ ಕನ್ನಡದ ಚಿತ್ರ ತೋರಿಸುತ್ತದೆ, ಅಷ್ಟೆ. ಓದುವವರಿಗೆ ಅಚ್ಚುಕಟ್ಟಾದ ಕನ್ನಡ, ಕ್ರಾಲರ್‌ಗೆ ಅರ್ಥವಿಲ್ಲದ ಅಕ್ಷರಗಳ ಸಾಲು. ಪತ್ತೆ ಮಾಡುವುದು ಸುಲಭ: ಪಿಡಿಎಫ್‌ನಿಂದ ಒಂದು ಸಾಲು ನಕಲು ಮಾಡಿ ಮೊಬೈಲಿನ ನೋಟ್ಸ್‌ನಲ್ಲಿ ಅಂಟಿಸಿ. ತಲೆಯ ಮೇಲೆ ಗೆರೆ, ಚುಕ್ಕೆ ಇರುವ ವಿಚಿತ್ರ ರೋಮನ್ ಅಕ್ಷರ ಬಂದರೆ ಅದು ಹಳೆಯ ಫಾಂಟು. ಕನ್ನಡ ಪದ ಕೊಟ್ಟು ಅಂಥ ಕಡತವನ್ನು ಹುಡುಕಲು ಆಗುವುದೇ ಇಲ್ಲ. ಸರ್ಕಾರಿ ಸುತ್ತೋಲೆಗಳಲ್ಲಿ ಇದು ವಿಪರೀತ. ಅವನ್ನು ಹುಡುಕುವಾಗ ವಿಷಯ ಬಿಟ್ಟು ಆದೇಶದ ಸಂಖ್ಯೆ, ದಿನಾಂಕ, ಇಲಾಖೆಯ ಹೆಸರನ್ನು ಇಂಗ್ಲಿಷಿನಲ್ಲಿ ಕೊಡಿ, ಜೊತೆಗೆ ಮೇಲೆ ಹೇಳಿದ ಸೈಟ್ ವಿಧಾನದಲ್ಲಿ ಕರ್ನಾಟಕ ಸರ್ಕಾರದ ತಾಣಗಳಿಗೆ ಸೀಮಿತಗೊಳಿಸಿ. ಕಡತ ಸಿಕ್ಕ ಮೇಲೆ ನುಡಿ ಅಥವಾ ಬರಹ ತಂತ್ರಾಂಶದ ಪರಿವರ್ತಕದಿಂದ ಯೂನಿಕೋಡ್‌ಗೆ ತರಬಹುದು.

ಎಐ ಉತ್ತರ: ಎಲ್ಲಿ ನಂಬಬಹುದು, ಎಲ್ಲಿ ಬೇಡ

ಗೂಗಲ್‌ನ ಎಐ ಸಾರಾಂಶಗಳು ಅಮೆರಿಕದಲ್ಲಿ 2024ರ ಮೇನಲ್ಲಿ ಶುರುವಾದವು, ಭಾರತಕ್ಕೆ ಅದೇ ಆಗಸ್ಟ್‌ನಲ್ಲಿ ಬಂದವು. ಚಾಟ್‌ಜಿಪಿಟಿ 2024ರ ಅಕ್ಟೋಬರ್ ಕೊನೆಯಲ್ಲಿ ವೆಬ್ ಹುಡುಕಾಟ ಸೇರಿಸಿಕೊಂಡಿತು. ಪರ್ಪ್ಲೆಕ್ಸಿಟಿ ಎಂಬ ಎಐ ಸರ್ಚ್ ಸೇವೆಯ ಒಂದು ವರ್ಷದ ಚಂದಾ 2025ರ ಜುಲೈನಲ್ಲಿ ಏರ್‌ಟೆಲ್ ಗ್ರಾಹಕರಿಗೆ ಉಚಿತವಾಗಿ ದೊರೆಯಿತು. ಇವೆಲ್ಲ ವೆಬ್ ನೋಡಿ ಉತ್ತರಿಸುವಾಗ ಮಾಡುವ ಕೆಲಸ ಹೆಚ್ಚುಕಡಿಮೆ ಒಂದೇ: ನಮ್ಮ ಪ್ರಶ್ನೆಯನ್ನು ಒಂದಷ್ಟು ಸರ್ಚ್ ಆಗಿ ಒಡೆಯುವುದು, ಸಿಕ್ಕ ಕೆಲವು ಪುಟ ಓದುವುದು, ಅದರಿಂದ ಉತ್ತರ ಹೆಣೆಯುವುದು. ಇಂಡೆಕ್ಸಿನಲ್ಲಿ ಇಲ್ಲದ ಪುಟ ಇಲ್ಲಿಗೂ ಬರುವುದಿಲ್ಲ. ಲಿಂಕಿನ ಪಟ್ಟಿ ಖಾಲಿ ಬಂದರೆ ಸಿಗಲಿಲ್ಲ ಎಂದಾದರೂ ನಮಗೆ ಗೊತ್ತಾಗುತ್ತದೆ. ಎಐ ಆ ಖಾಲಿ ಜಾಗವನ್ನು ತನಗೆ ಸಾಧ್ಯವೆನಿಸಿದ ವಾಕ್ಯದಿಂದ ತುಂಬಿಬಿಡುತ್ತದೆ. ಕನ್ನಡದ ಪ್ರಶ್ನೆಗಳಲ್ಲಿ ಖಾಲಿ ಜಾಗ ಹೆಚ್ಚು, ಆದ್ದರಿಂದ ಅಪಾಯವೂ ಹೆಚ್ಚು.

ಇದಕ್ಕೆ ಅಳತೆಗಳೂ ಇವೆ. ಬಿಬಿಸಿ ಮತ್ತು ಯುರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 18 ದೇಶಗಳ 22 ಮಾಧ್ಯಮ ಸಂಸ್ಥೆಗಳ ಪತ್ರಕರ್ತರು, 14 ಭಾಷೆಗಳಲ್ಲಿ, ಸುದ್ದಿಯ ಬಗ್ಗೆ ಎಐ ಕೊಟ್ಟ ಉತ್ತರಗಳನ್ನು ಪರಿಶೀಲಿಸಿದರು. ಶೇ 45 ಉತ್ತರಗಳಲ್ಲಿ ಒಂದಾದರೂ ಗಂಭೀರ ದೋಷವಿತ್ತು. ಕೊಲಂಬಿಯಾ ವಿಶ್ವವಿದ್ಯಾಲಯದ ಟೋ ಸೆಂಟರ್ ಅದೇ ವರ್ಷದ ಮಾರ್ಚ್‌ನಲ್ಲಿ ಎಂಟು ಎಐ ಸರ್ಚ್ ಸಾಧನಗಳಿಗೆ ಸುದ್ದಿಯ ತುಣುಕು ಕೊಟ್ಟು ಮೂಲ ಯಾವುದೆಂದು ಕೇಳಿತ್ತು; ಶೇ 60ಕ್ಕೂ ಹೆಚ್ಚು ಸಲ ತಪ್ಪು ಉತ್ತರ ಬಂತು.

ಹಾಗೆಂದು ಎಐ ಬೇಡವೆಂದಲ್ಲ. ಹೆಸರೇ ಗೊತ್ತಿಲ್ಲದ್ದನ್ನು ಹುಡುಕಲು ಅದಕ್ಕಿಂತ ಒಳ್ಳೆಯ ಸಾಧನ ಇನ್ನೊಂದಿಲ್ಲ. ಅಡಿಕೆಯ ಗೊಂಚಲು ಮಳೆಗಾಲದಲ್ಲಿ ಕೊಳೆತು ಕಾಯಿ ಉದುರುತ್ತಿದೆ, ಇದಕ್ಕೆ ಇಂಗ್ಲಿಷಿನಲ್ಲಿ, ವಿಜ್ಞಾನದಲ್ಲಿ ಏನೆನ್ನುತ್ತಾರೆ ಎಂದು ಕೇಳಿದರೆ ಕೊಳೆರೋಗದ ಹೆಸರು, ಅದಕ್ಕೆ ಕಾರಣವಾದ ಫೈಟಾಫ್ತೊರಾದ ಹೆಸರು ಸಿಗುತ್ತದೆ. ಆ ಹೆಸರು ಹಿಡಿದುಕೊಂಡು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ತಾಣಕ್ಕೆ ಹೋಗಬೇಕು. ಸಿಂಪಡಣೆಯ ಪ್ರಮಾಣವನ್ನು ಸಂಸ್ಥೆಯ ಪುಟದಿಂದಲೇ ತೆಗೆದುಕೊಳ್ಳಿ, ಎಐ ಬಾಯಿಂದ ಬೇಡ. ಉದ್ದದ ಇಂಗ್ಲಿಷ್ ತೀರ್ಪು, ವಿಮಾ ಷರತ್ತುಗಳನ್ನು ನೀವೇ ಅಂಟಿಸಿ ಕನ್ನಡದಲ್ಲಿ ವಿವರಿಸು ಎಂದು ಕೇಳುವುದೂ ಒಳ್ಳೆಯ ಬಳಕೆ, ಏಕೆಂದರೆ ಮೂಲ ನಿಮ್ಮ ಕಣ್ಣೆದುರೇ ಇರುತ್ತದೆ.

ಕೆಡುವುದು ಎಲ್ಲಿ ಎಂಬುದಕ್ಕೆ ವಚನಗಳನ್ನೇ ನೋಡಿ. ಮಳೆಯ ಬಗ್ಗೆ ಅಕ್ಕಮಹಾದೇವಿಯ ವಚನ ಕೊಡು ಎಂದು ಚಾಟ್‌ಬಾಟನ್ನು ಕೇಳಿದರೆ ಐದಾರು ಸಾಲು ಬರಬಹುದು, ಕೊನೆಯಲ್ಲಿ ಚೆನ್ನಮಲ್ಲಿಕಾರ್ಜುನ ಎಂಬ ಅಂಕಿತವೂ ಇರುತ್ತದೆ. ಭಾಷೆ ಹಳೆಯದರಂತೆ ಇರುತ್ತದೆ, ಲಯವೂ ಹತ್ತಿರವೇ. ಆದರೆ ಆ ಸಾಲುಗಳು ಯಾವ ಸಂಪುಟದಲ್ಲೂ ಇಲ್ಲದಿರಬಹುದು. ಆಮಂತ್ರಣ ಪತ್ರಿಕೆಯಲ್ಲೋ ಭಾಷಣದಲ್ಲೋ ಪಠ್ಯದಲ್ಲೋ ಬಳಸುವ ಮುನ್ನ ವಚನ ಸಂಚಯ ತಾಣದಲ್ಲಿ ಪರೀಕ್ಷಿಸಬೇಕು. ಅಲ್ಲಿ 20,000ಕ್ಕೂ ಹೆಚ್ಚು ವಚನಗಳು ಪದಪದವಾಗಿ ಹುಡುಕಲು ಸಿಗುತ್ತವೆ. ಅಂಕಿತವನ್ನು ಹಾಕಿ ಹುಡುಕಬೇಡಿ, ನೂರಾರು ವಚನ ಬರುತ್ತವೆ. ಸಾಲಿನಲ್ಲಿರುವ ಅತ್ಯಂತ ಅಪರೂಪದ ಒಂದು ಪದ ಆರಿಸಿ, ಪ್ರತ್ಯಯ ಕಳಚಿ ಹಾಕಿ. ಸಿಗದಿದ್ದರೆ ಇನ್ನೊಂದು ಪದದಿಂದ ಮತ್ತೊಮ್ಮೆ, ಪಾಠಾಂತರ ಇರಬಹುದಲ್ಲ. ಎರಡೂ ಸಲ ಸಿಗಲಿಲ್ಲವೆಂದರೆ ಆ ‘ವಚನ’ವನ್ನು ಅಕ್ಕನ ಹೆಸರಿನಲ್ಲಿ ಹಂಚಬೇಡಿ. ಸುಳ್ಳು ವಚನ ಒಮ್ಮೆ ವಾಟ್ಸ್ಆ್ಯಪ್ ಹೊಕ್ಕು, ಅಲ್ಲಿಂದ ಬ್ಲಾಗಿಗೆ ಹತ್ತಿ, ನಾಳೆ ಅದೇ ಎಐಗೆ ಆಧಾರವಾಗುತ್ತದೆ. ಈ ಚಕ್ರವನ್ನು ಮುರಿಯುವುದು ನಮ್ಮ ಕೈಯಲ್ಲೇ ಇದೆ.

ಎಐ ಉತ್ತರದ ಕೆಳಗೆ ಆಧಾರದ ಲಿಂಕು ಇದ್ದರೆ ಅದನ್ನು ತೆರೆದು, ಉತ್ತರದ ಮುಖ್ಯ ಸಂಖ್ಯೆಯೋ ಹೆಸರೋ ಆ ಪುಟದಲ್ಲಿ ಇದೆಯೇ ಎಂದು ಪುಟದೊಳಗಿನ ಫೈಂಡ್ ಬಳಸಿ ನೋಡಿ. ಅರ್ಧ ನಿಮಿಷದ ಕೆಲಸ. ಲಿಂಕು ಇದ್ದೂ ಅದರಲ್ಲಿ ಆ ಮಾತು ಇಲ್ಲದಿರುವುದು ಸಾಮಾನ್ಯ.

ಕನ್ನಡದ್ದೇ ಕೋಶಗಳು

ಪದದ ಅರ್ಥಕ್ಕೆ ಗೂಗಲ್ ಅನುವಾದಕ್ಕಿಂತ ಅಲರ್ ಎಷ್ಟೋ ಮೇಲು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ಇದು, 1.5 ಲಕ್ಷಕ್ಕೂ ಹೆಚ್ಚು ಪದಗಳೊಂದಿಗೆ 2019ರಿಂದ ಮುಕ್ತವಾಗಿ ಲಭ್ಯವಿದೆ. ಕೃಷಿ, ಜನಪದ, ವಿಜ್ಞಾನದ ಲೇಖನಗಳಿಗೆ ಕರ್ನಾಟಕ ಜ್ಞಾನ ಆಯೋಗದ ಯೋಜನೆಯಾಗಿ ಶುರುವಾದ ಕಣಜ ಇದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಒಳಗಿನ ಸರ್ಚ್ ಒಂದು ಉಪಕಾರ ಮಾಡುತ್ತದೆ: ಪದದ ಕೊನೆಗೆ ನಕ್ಷತ್ರ ಚಿಹ್ನೆ ಹಾಕಿದರೆ ಮುಂದೆ ಯಾವ ಪ್ರತ್ಯಯ ಬಂದರೂ ಹಿಡಿಯುತ್ತದೆ. ಮೇಲಿನ ಕೆರೆಯ ಸಮಸ್ಯೆಗೆ ಇದು ನೇರ ಪರಿಹಾರ. ವಿಕಿಸೋರ್ಸ್‌ನಲ್ಲೂ ಇದೇ ನಡೆಯುತ್ತದೆ.

ಹಳೆಯ ಪುಸ್ತಕಗಳಿಗೆ ಇಂಟರ್‌ನೆಟ್ ಆರ್ಕೈವ್. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಲ್ಲಿ ಸ್ಕ್ಯಾನ್ ಆದ ಕನ್ನಡ ಪುಸ್ತಕಗಳು, ಬಿ. ಎಲ್. ರೈಸ್ 1886ರಿಂದ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಶಾಸನ ಸಂಪುಟಗಳು ಎಲ್ಲವೂ ಅಲ್ಲಿವೆ. ಆದರೆ ಹುಡುಕುವುದಕ್ಕೆ ತಾಳ್ಮೆ ಬೇಕು. ಶೀರ್ಷಿಕೆಗಳನ್ನು ರೋಮನ್ ಲಿಪಿಯಲ್ಲಿ, ಮನಸ್ಸಿಗೆ ಬಂದ ಕಾಗುಣಿತದಲ್ಲಿ ದಾಖಲಿಸಿದ್ದಾರೆ. ದೀರ್ಘಕ್ಕೆ ಒಬ್ಬರು ಎರಡು ಎ ಬರೆದರೆ ಇನ್ನೊಬ್ಬರು ಒಂದೇ ಬರೆದಿದ್ದಾರೆ. ಶೀರ್ಷಿಕೆ ಬಿಟ್ಟು ಲೇಖಕರ ಹೆಸರಿನ ಒಂದು ಭಾಗವನ್ನು ಎರಡು-ಮೂರು ಕಾಗುಣಿತದಲ್ಲಿ ಹಾಕಿ, ಪಕ್ಕದ ಪಟ್ಟಿಯಲ್ಲಿ ಭಾಷೆ ಕನ್ನಡ ಎಂದು ಆರಿಸಿ. ಪುಸ್ತಕದ ಒಳಗಿನ ಪಠ್ಯ ಹುಡುಕುವ ಆಯ್ಕೆಯೂ ಇದೆ, ಆದರೆ ಅದು ನಿಂತಿರುವುದು ಯಂತ್ರ ಓದಿದ ಅಕ್ಷರಗಳ ಮೇಲೆ. ಮಸುಕಾದ ಅಚ್ಚಿನಲ್ಲಿ ಪ, ಷ, ವ ಒಂದಕ್ಕೊಂದು ಬದಲಾಗುತ್ತವೆ, ಥ-ಧ ಗೊಂದಲವಾಗುತ್ತದೆ, ಒತ್ತಕ್ಷರ ಮಾಯವಾಗುತ್ತದೆ. ಒತ್ತಿಲ್ಲದ, ಮೂರ್ನಾಲ್ಕು ಅಕ್ಷರದ ಪದಗಳನ್ನು ಆರಿಸಿಕೊಂಡರೆ ಸಿಗುವ ಸಾಧ್ಯತೆ ಹೆಚ್ಚು.

ಅಕ್ಷರ ಗುರುತಿಸುವ ಕೆಲಸವನ್ನು ನೀವೇ ಮಾಡಿಕೊಳ್ಳಬೇಕಾದರೆ ಸ್ಕ್ಯಾನ್ ಪುಟವನ್ನು ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಕನ್ನಡ ಸಾಕಷ್ಟು ಚೆನ್ನಾಗಿ ಬರುತ್ತದೆ. ಕಡತ 2 ಎಂಬಿ ಒಳಗಿರಲಿ ಎಂಬುದು ಗೂಗಲ್‌ನದೇ ಸಲಹೆ. ದಪ್ಪ ಪುಸ್ತಕವನ್ನು ಹತ್ತತ್ತು ಪುಟದ ತುಂಡು ಮಾಡಿ ಹಾಕಿ.

ಮಾಯವಾದ ಪುಟಗಳಿಗೂ ಇದೇ ಆರ್ಕೈವ್‌ನ ವೇಬ್ಯಾಕ್ ಮಷೀನ್. ಗೂಗಲ್ 2024ರ ಆರಂಭದಲ್ಲಿ ತಾನು ಉಳಿಸಿಟ್ಟ ಪ್ರತಿ ತೋರಿಸುವ ಕ್ಯಾಶ್ ಲಿಂಕ್ ತೆಗೆದುಹಾಕಿದ ಮೇಲೆ ಸತ್ತ ಪುಟ ನೋಡಲು ಬಹುಮಟ್ಟಿಗೆ ಇದೊಂದೇ ದಾರಿ ಉಳಿದಿದೆ. ಇಲಾಖೆಗಳು ತಾಣ ಬದಲಿಸಿದಾಗ ಹಳೆಯ ಅಧಿಸೂಚನೆಗಳು ಸಾಲುಸಾಲಾಗಿ ಕಾಣೆಯಾಗುತ್ತವೆ. ಮುಖ್ಯವೆನಿಸಿದ ಪುಟವನ್ನು ಅಲ್ಲಿನ ಸೇವ್ ಪೇಜ್ ಪೆಟ್ಟಿಗೆಗೆ ವಿಳಾಸ ಹಾಕಿ ಇವತ್ತೇ ಉಳಿಸಿಟ್ಟುಕೊಳ್ಳಿ.

ಸರ್ಚ್ ಮಾಡಲೇಬಾರದ ಎರಡು ಸಂಗತಿ

ಪಹಣಿಯನ್ನು ಗೂಗಲ್‌ನಲ್ಲಿ ಹುಡುಕಿ ಫಲವಿಲ್ಲ. ಭೂಮಿ ತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್‌ನಾಕ್, ಹಿಸ್ಸಾ ಆರಿಸಿದ ಮೇಲಷ್ಟೇ ಆ ಪುಟ ಹುಟ್ಟುತ್ತದೆ. ಕ್ರಾಲರ್ ಫಾರಂ ತುಂಬುವುದಿಲ್ಲ. ಋಣಭಾರ ಪತ್ರಕ್ಕೆ ಕಾವೇರಿ, ಮೊಕದ್ದಮೆಯ ಸ್ಥಿತಿಗೆ ಇ-ಕೋರ್ಟ್ಸ್ ತಾಣಗಳದ್ದೂ ಇದೇ ಕಥೆ. ಗೂಗಲ್‌ನಲ್ಲಿ ಹುಡುಕಿದರೆ ಅಧಿಕೃತ ತಾಣದಂತೆ ಕಾಣುವ ಖಾಸಗಿ ಪುಟ, ಜಾಹೀರಾತು ಮೇಲೆ ಬರಬಹುದು. ಅಧಿಕೃತ ವಿಳಾಸವನ್ನು ಬುಕ್‌ಮಾರ್ಕ್ ಮಾಡಿಟ್ಟುಕೊಂಡು ಅಲ್ಲಿಂದಲೇ ಹೋಗಿ.

ಬ್ಯಾಂಕು, ಗ್ಯಾಸ್, ಕೊರಿಯರ್‌ನ ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲೂ ಬೇಡ, ಎಐನಲ್ಲೂ ಬೇಡ. ವಂಚಕರು ನಕಲಿ ಪುಟ, ಮ್ಯಾಪ್ ನಮೂದುಗಳಲ್ಲಿ ತಮ್ಮ ನಂಬರ್ ಬಿತ್ತಿರುತ್ತಾರೆ, ಎಐ ಅದನ್ನೇ ಎತ್ತಿ ಕೊಡಬಹುದು. ಕಾರ್ಡಿನ ಹಿಂಬದಿ, ಪಾಸ್‌ಬುಕ್, ಕಂಪನಿಯ ಆ್ಯಪ್ ಒಳಗಿರುವ ನಂಬರ್ ಮಾತ್ರ ಬಳಸಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಮುಂದೆ ಏನು ಬದಲಾಗುತ್ತಿದೆ

ಗೂಗಲ್ ಕಾನೂನುಬಾಹಿರವಾಗಿ ಏಕಸ್ವಾಮ್ಯ ಉಳಿಸಿಕೊಂಡಿದೆ ಎಂದು ಅಮೆರಿಕದ ನ್ಯಾಯಾಧೀಶ ಅಮಿತ್ ಮೆಹ್ತಾ 2024ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟರು. ಮೊಬೈಲು, ಬ್ರೌಸರುಗಳಲ್ಲಿ ತಾನೇ ಮೊದಲ ಆಯ್ಕೆಯಾಗಿರಲು ಗೂಗಲ್ 2021ರಲ್ಲಿ 26.3 ಶತಕೋಟಿ ಡಾಲರ್ ಕೊಟ್ಟದ್ದು ಆ ವಿಚಾರಣೆಯಲ್ಲೇ ಹೊರಬಂತು. 2025ರ ಸೆಪ್ಟೆಂಬರ್‌ನ ಆದೇಶ ಕ್ರೋಮ್ ಮಾರಬೇಕೆನ್ನಲಿಲ್ಲ, ಆದರೆ ಇಂಡೆಕ್ಸಿನ ಕೆಲವು ಮಾಹಿತಿಯನ್ನು ಅರ್ಹ ಪ್ರತಿಸ್ಪರ್ಧಿಗಳಿಗೆ ಕೊಡಬೇಕೆಂದಿತು. ಇತ್ತ ಮೈಕ್ರೋಸಾಫ್ಟ್, ಸಣ್ಣ ಎಂಜಿನ್‌ಗಳು ಆಧರಿಸಿದ್ದ ಬಿಂಗ್‌ನ ಸರ್ಚ್ ಎಪಿಐಗಳನ್ನು, ಅಂದರೆ ಬಿಂಗ್ ಫಲಿತಾಂಶಗಳನ್ನು ಇತರರ ತಂತ್ರಾಂಶಕ್ಕೆ ಒದಗಿಸುವ ಸೇವೆಯನ್ನು, 2025ರ ಆಗಸ್ಟ್‌ನಲ್ಲಿ ನಿಲ್ಲಿಸಿತು. ಕನ್ನಡಕ್ಕೆಂದೇ ಸಣ್ಣ ಸರ್ಚ್ ಸೇವೆ ಕಟ್ಟಬಯಸುವವರಿಗೆ ಇದು ದೊಡ್ಡ ಹೊಡೆತ. ಇಂಡೆಕ್ಸನ್ನು ಮೊದಲಿನಿಂದ ಕಟ್ಟುವ ಖರ್ಚು ಅವರಿಂದ ಆಗುವಂಥದ್ದಲ್ಲ.

ಬರೆಯುವವರ ಕಡೆಯ ಚಿಂತೆ ಇನ್ನೂ ಗಾಢವಾದದ್ದು. ಪ್ಯೂ ಸಂಶೋಧನಾ ಕೇಂದ್ರ 2025ರ ಮಾರ್ಚ್‌ನಲ್ಲಿ ಅಮೆರಿಕದ ಬಳಕೆದಾರರನ್ನು ಗಮನಿಸಿದಾಗ, ಎಐ ಸಾರಾಂಶ ಕಂಡ ಹುಡುಕಾಟಗಳಲ್ಲಿ ಶೇ 8ರಷ್ಟು ಸಲ ಮಾತ್ರ ಫಲಿತಾಂಶದ ಪಟ್ಟಿಯ ಯಾವುದಾದರೂ ಲಿಂಕ್ ಒತ್ತಿದರು. ಸಾರಾಂಶ ಇಲ್ಲದಾಗ ಅದು ಶೇ 15. ಗೂಗಲ್‌ನ ಎಐ ಮೋಡ್, ಅಂದರೆ ಲಿಂಕಿನ ಪಟ್ಟಿಯ ಬದಲು ಎಐ ಉತ್ತರ ಕೊಡುವ ಹುಡುಕಾಟ, ಈಗ ಕನ್ನಡದಲ್ಲೂ ಉತ್ತರಿಸುತ್ತದೆ. ಓದುಗರು ಬರದೆ ಹೋದರೆ ಕನ್ನಡದ ಸಣ್ಣ ತಾಣಗಳು ಮುಚ್ಚುತ್ತವೆ, ಎಐಗೆ ಓದಲು ಸಿಗುವ ಕನ್ನಡವೂ ಅಷ್ಟಕ್ಕೇ ನಿಲ್ಲುತ್ತದೆ. ವೆಬ್‌ತಾಣಗಳಿಗೆ ರಕ್ಷಣೆ ಒದಗಿಸುವ ಕ್ಲೌಡ್‌ಫ್ಲೇರ್ ಕಂಪನಿ 2025ರ ಜುಲೈನಿಂದ ಹೊಸ ತಾಣಗಳಲ್ಲಿ ಎಐ ಕ್ರಾಲರ್‌ಗಳನ್ನು ತಾನಾಗಿಯೇ ತಡೆಯತೊಡಗಿತು. ಕನ್ನಡದ ತಾಣ ನಡೆಸುವವರು ಇಲ್ಲಿ ಯೋಚಿಸಿ ಆರಿಸಬೇಕು: ಜಾಹೀರಾತಿನಿಂದ ಬದುಕುವ ಸುದ್ದಿತಾಣ ತಡೆಯುವುದು ನ್ಯಾಯ, ಸಂಘಸಂಸ್ಥೆ, ವಿಶ್ವವಿದ್ಯಾಲಯ, ಗ್ರಂಥಾಲಯಗಳು ಬಾಗಿಲು ತೆರೆದಿಡುವುದೇ ಕನ್ನಡಕ್ಕೆ ಹಿತ. ಸಾಮಾನ್ಯ ಸರ್ಚ್ ಕ್ರಾಲರನ್ನಂತೂ ಯಾರೂ ತಡೆಯಬಾರದು. ಕ್ರಾಲರ್‌ಗಳಿಗೆ ಸೂಚನೆ ಕೊಡುವ ತಾಣದ ರೋಬೋಟ್ಸ್ ಕಡತದಲ್ಲಿ ತಪ್ಪಾಗಿ ಉಳಿದ ಒಂದೇ ಸಾಲು ಎಲ್ಲ ಪುಟಗಳಿಗೂ ಕ್ರಾಲರ್ ಬರದಂತೆ ಮಾಡಬಲ್ಲದು, ಹೊಸ ತಾಣ ಶುರುಮಾಡಿದ ದಿನವೇ ಅದನ್ನು ನೋಡಿ.

ಪಿಡಿಎಫ್ ಪ್ರಕಟಿಸುವ ಸಂಸ್ಥೆಗಳು ಮಾಡಬೇಕಾದ್ದು ಇಷ್ಟೇ: ಕಡತವನ್ನು ಯೂನಿಕೋಡ್ ಫಾಂಟಿನಲ್ಲಿ ಸಿದ್ಧಪಡಿಸಿ, ಮುದ್ರಿಸಿ ಮತ್ತೆ ಸ್ಕ್ಯಾನ್ ಮಾಡದೆ ನೇರವಾಗಿ ಪಿಡಿಎಫ್ ಆಗಿ ಉಳಿಸಿ, ಅದರ ಹೆಸರಿನಲ್ಲಿ ವಿಷಯ ಮತ್ತು ವರ್ಷ ಇರಲಿ. ಮುಖ್ಯ ಭಾಗವನ್ನು ತಾಣದ ಪುಟದಲ್ಲೂ ಪಠ್ಯವಾಗಿ ಹಾಕಿ, ಏಕೆಂದರೆ ಯೂನಿಕೋಡ್ ಫಾಂಟಿದ್ದರೂ ಪಿಡಿಎಫ್ ಮಾಡುವಾಗ ಕನ್ನಡದ ಒತ್ತು, ಕೊಂಬು, ದೀರ್ಘಗಳು ಕೆಲವೊಮ್ಮೆ ಜಾಗ ತಪ್ಪುತ್ತವೆ. ಪ್ರಕಟಿಸುವ ಮುನ್ನ ಪಿಡಿಎಫ್‌ನಿಂದ ಒಂದು ಪ್ಯಾರಾ ನಕಲು ಮಾಡಿ ಬೇರೆಡೆ ಅಂಟಿಸಿ ಓದಿ. ಅಲ್ಲಿ ಸರಿಯಾದ ಕನ್ನಡ ಬಂದರೆ ಸರ್ಚ್ ಎಂಜಿನ್ ಕೂಡ ಅದನ್ನು ಓದಬಲ್ಲದು.